ಅಪ್ಪ ಬಾಯಿ ಮುಚ್ಚಿದ ಐದು ತಾಸು

ನಮ್ಮಪ್ಪ ಸಿದರಾಯ ದೇವರ ಜೊತೆ ಮಾತಾಡುತ್ತಾನೆ. ಮನಸ್ಸಿನಲ್ಲಲ್ಲ, ಬಾಯಿಬಿಟ್ಟು, ಬಾಜೂ ಮನೆಯವರಿಗೆ ಕೇಳಿಸುವಷ್ಟು ಜೋರಾಗಿ. ಪ್ರಾರ್ಥನೆ, ಸ್ತೋತ್ರ ಅಂತೆಲ್ಲ ತಿಳಿಯಬೇಡಿ. ‘ಇವತ್ತ ಬಿಸಲ ಭಾಳ ಐತಲ್ಲೋ ಬೀರಪ್ಪಾ’ ಎನ್ನುವಂಥ ಮಾತು. ಬೀರಪ್ಪ ಕುರಿ ಕಾಯುವವರ ದೇವರು, ನಮ್ಮ ಮನೆದೇವರು. ಅವನ ಭಂಡಾರವನ್ನು, ಅಂದರೆ ಅರಿಷಿಣದ ಪುಡಿಯನ್ನು, ಹಣೆಗೆ ಹಚ್ಚಿಕೊಳ್ಳದೆ ನಮ್ಮ ಮನೆಯಲ್ಲಿ ಯಾರೂ ಹೊಸಿಲು ದಾಟುವುದಿಲ್ಲ. ನನ್ನೊಬ್ಬಳನ್ನು ಬಿಟ್ಟು.

ನಾನು ಮಾಲಾ, ಅಪ್ಪನ ಒಬ್ಬಳೇ ಮಗಳು. ಬೆಳಗಾವಿಯ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರು. ರಾಮತೀರ್ಥ ನಗರದಲ್ಲಿ ಮನೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಸೋಮಲಿಂಗ ಹೇಳುತ್ತಾನೆ. ಹೇಳಲಿ. ಖಾನಾಪುರದ ಸಾಲಿಯಲ್ಲಿ ಓದುವಾಗ ಗೆಳತಿಯರು ‘ನಿಮ್ಮಪ್ಪನಿಗೆ ಹುಚ್ಚೇನು?’ ಎಂದು ಮರಾಠಿಯಲ್ಲಿ ಕೇಳಿ ನಗುತ್ತಿದ್ದರು. ಹಾಗೆ ನಗುವವರ ನಡುವೆ ಬೆಳೆದವಳಿಗೆ ಸಿಟ್ಟು ಬಾರದೆ ಇನ್ನೇನು ಬರುತ್ತದೆ? ಅವರ ಮೇಲೆ ಬಂದದ್ದಕ್ಕಿಂತ ಹೆಚ್ಚು ಅಪ್ಪನ ಮೇಲೆ ಬರುತ್ತಿತ್ತು.

ಅಪ್ಪ ಇಪ್ಪತ್ತನಾಲ್ಕನೇ ವಯಸ್ಸಿನವರೆಗೆ ಬೀಡಿ ಎಂಬ ಊರಿನ ಕಡೆಗೆ ನಮ್ಮಜ್ಜನ ಜೊತೆ ಕುರಿ ಕಾಯುತ್ತಿದ್ದ. ಆಮೇಲೆ ರೈಲ್ವೆ ನೌಕರಿ ಸಿಕ್ಕಿತು. ಕೆಲವು ವರ್ಷ ಹಳಿ ರಿಪೇರಿಯ ಗ್ಯಾಂಗಿನಲ್ಲಿದ್ದು ಕೀಮನ್ ಆದ. ಕೀಮನ್ ಎಂದರೆ ದಿನಾ ಬೆಳಿಗ್ಗೆ ಹಳಿಗುಂಟ ನಡೆಯುತ್ತ, ಹಳಿಯನ್ನು ಹಿಡಿದಿಡುವ ಕೀಲಿಗಳಲ್ಲಿ ಯಾವುದು ಸಡಿಲಾಗಿದೆ ನೋಡಿ, ಸುತ್ತಿಗೆಯಿಂದ ಬಡಿದು ಬಿಗಿ ಮಾಡುವವನು. ಖಾನಾಪುರದಿಂದ ಗುಂಜಿಯ ಕಡೆಗೆ, ಅಡವಿಯೊಳಗೆ, ಒಬ್ಬನೇ. ಹೆಗಲ ಮೇಲೆ ಸುತ್ತಿಗೆ, ಸ್ಪ್ಯಾನರು, ಕೆಂಪು ಹಸಿರು ಬಾವುಟ, ರೊಟ್ಟಿಯ ಗಂಟು.

ಈ ಮಾತಿನ ಚಟ ಯಾವಾಗ ಹತ್ತಿತು ಎಂದು ಒಮ್ಮೆ ಕೇಳಿದ್ದೆ.

‘ಕೀಮನ್ ಆದ ಮೊದಲನೇ ವಾರದಾಗ’ ಎಂದ. ‘ಹಳಿ ಬಾಜೂಕ ಕರಡಿ ಕುಂತಿತ್ತು. ನನ್ನ ಕಾಲ ಮುಂದ ಹೋಗವಲ್ಲು, ಹಿಂದ ಬರವಲ್ಲು. ಬೀರಪ್ಪಾ, ನಾ ಒಬ್ಬನ ಅದೇನಿ, ಬಾಜೂಕ ಬಾರೋ ಅಂದೆ. ಬಂದ.’

‘ಬಂದ ಅಂತ ಹೆಂಗ ಗೊತ್ತಾತು?’

‘ಅಂಜಿಕಿ ಹೋತಲ್ಲ.’

‘ಕರಡಿ ಹೋತೇನು?’

‘ಎಲ್ಲಿ ಹೋಗತೈತಿ? ಅದು ಕುಂತ ಇತ್ತು. ನಾವಿಬ್ಬರೂ ಸುತ್ತ ಹಾಕಿ ದಾಟಿದಿವಿ.’

ಅಡವಿಯಲ್ಲಿ ಗದ್ದಲ ಮಾಡುತ್ತ ನಡೆದರೆ ಕಾಡುಪ್ರಾಣಿಗಳು ದೂರ ಸರಿಯುತ್ತವೆ, ಅದಕ್ಕೇ ಇಷ್ಟು ವರ್ಷ ಅಪ್ಪನಿಗೆ ಏನೂ ಆಗಿಲ್ಲ ಎಂದು ನಾನು ಶಾಣ್ಯಾಳಂತೆ ಬಿಡಿಸಿ ಹೇಳಿದೆ. ‘ಹೌದವಾ, ಅದೂ ಇರಬಹುದು’ ಎಂದು ಅಪ್ಪ ತಲೆಯಾಡಿಸಿದ. ನನ್ನ ಜೊತೆ ಅವನು ಎಂದೂ ವಾದ ಮಾಡಿದವನಲ್ಲ.

ರಿಟೈರಾಗಿ ಮೂರು ವರ್ಷವಾಗಿತ್ತು. ಹೋದ ಚಳಿಗಾಲದಲ್ಲಿ ಅಪ್ಪನಿಗೆ ನಡೆದರೆ ಎದೆ ಹಿಡಿದಂತಾಗತೊಡಗಿತು. ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರು ನಡೆದ ಮನುಷ್ಯ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದ. ನೆಹರು ನಗರದ ದೊಡ್ಡ ದವಾಖಾನೆಗೆ ತೋರಿಸಿದೆವು. ಗುಂಡಿಗೆಯ ಮೂರು ನಳಿಗಳು ಕಟ್ಟಿವೆ, ಬೈಪಾಸ್ ಆಪರೇಷನ್ ಆಗಲೇಬೇಕು, ತಡ ಮಾಡಿದರೆ ಯಾವತ್ತು ಏನಾದೀತೋ ಹೇಳಲಾಗದು ಎಂದರು. ಅಪಾಯ ಎಷ್ಟು, ಬೇರೆ ದಾರಿ ಇಲ್ಲವೇ ಎಂದು ನಾನು ಕೇಳಿದ್ದನ್ನೇ ಕೇಳಿದೆ. ಅಪ್ಪ ಮಾತ್ರ ‘ನಡೀರಿ, ಮಾಡ್ರಿ’ ಎಂದು ಸಲೀಸಾಗಿ ಒಪ್ಪಿಬಿಟ್ಟ. ಆಗಲೇ ನನಗೆ ಸಂಶಯ ಬರಬೇಕಿತ್ತು.

ಆಪರೇಷನ್ನಿನ ಹಿಂದಿನ ದಿನ ಭರ್ತಿ ಮಾಡಿದೆವು. ರಾತ್ರಿ ಹನ್ನೆರಡರ ಮೇಲೆ ಏನೂ ತಿನ್ನಬಾರದು, ಕುಡಿಯಬಾರದು ಎಂದು ನರ್ಸು ಹೇಳಿದಳು. ನಾನು ಆರು ಸಲ ಹೇಳಿದೆ. ಅಷ್ಟು ಸಾಲದೆಂದು ದೊಡ್ಡ ಅಕ್ಷರದಲ್ಲಿ ಬರೆದು, ಕೆಳಗೆ ಕೆಂಪು ಗೆರೆ ಎಳೆದು, ಮಂಚದ ತಲೆಯ ಕಡೆಗೆ ಅಂಟಿಸಿದೆ. ಮಾಸ್ತರಿಕೆಯ ಚಟ. ನಮ್ಮವ್ವ ಪದ್ಮವ್ವ ರಾತ್ರಿ ಅಪ್ಪನ ಬಳಿ ಉಳಿದಳು.

ಬೆಳಿಗ್ಗೆ ಎಂಟಕ್ಕೆ ಅರಿವಳಿಕೆ ಕೊಡುವ ಡಾಕ್ಟರು ಬಂದರು. ಪ್ರಾಚಿ ಅಂತ ಹೆಸರು, ಬೆಳಗಾವಿಯವರೇ, ಜೈನರ ಮನೆತನದ ಹುಡುಗಿ.

‘ಕಾಕಾ, ಏನರ ತಿಂದೀರೇನು?’

‘ಇಲ್ಲರಿ ಡಾಕ್ಟರ ಬಾಯಾರ.’

‘ಚಾ? ನೀರು?’

‘ನಿನ್ನಿ ರಾತ್ರಿಯಿಂದ ಬಾಯಾಗ ಹನಿ ನೀರ ಬಿಟ್ಟಿಲ್ಲರಿ.’

‘ಖರೇನರಿ, ನಾ ಬಾಜೂಕ ಇದ್ದೆನಲ್ಲ’ ಎಂದು ಅವ್ವ ಸಾಕ್ಷಿ ನುಡಿದಳು.

ಡಾಕ್ಟರು ಬರೆದುಕೊಳ್ಳುತ್ತಿದ್ದವರು ತಲೆ ಎತ್ತಿ ಅಪ್ಪನ ತುಟಿ ನೋಡಿದರು. ತುಟಿಯ ಅಂಚಿನಲ್ಲಿ ಹಳದಿ ಇತ್ತು.

‘ಪ್ರಸಾದ ತಗೊಂಡೀರೇನು ಕಾಕಾ?’

‘ಹೂಂ ಮತ್ತ! ಅದನ್ನ ಬಿಡಾಕ ಆಗತೈತೇನ್ರಿ?’

‘ಯಾವಾಗ? ಏನೇನು ತಗೊಂಡ್ರಿ?’

ಅವ್ವ ಖುಷಿಯಿಂದ ಲೆಕ್ಕ ಒಪ್ಪಿಸಿದಳು. ‘ನಸುಕಿನಾಗ ಐದಕ್ಕರಿ. ನಮ್ಮ ಪೂಜಾರಿ ಭರಮಪ್ಪ ಖಾನಾಪುರದಿಂದ ಕಳಿಸಿದ್ದ. ಎರಡ ಬಾಳಿಹಣ್ಣ, ಅರ್ಧ ಬಟ್ಟಲ ಕೊಬ್ಬರಿ, ಬೆಲ್ಲ, ಮ್ಯಾಲೊಂದು ಚಿಟಿಕಿ ಭಂಡಾರ.’

‘ಅವ್ವಾ!’ ಎಂದು ಕೂಗಿದೆ. ವಾರ್ಡಿನವರೆಲ್ಲ ತಿರುಗಿ ನೋಡಿದರು. ‘ಆರು ಸಲ ಹೇಳಿದ್ದೆನಲ್ಲ! ಬರದು ಹಚ್ಚಿದ್ದೆನಲ್ಲ!’

‘ಏನಂತ ಹೇಳಿದ್ದಿ? ಏನೂ ತಿನಬಾರದು ಅಂದಿ. ನಾ ರೊಟ್ಟಿ ಕೊಟ್ಟೆನೇನ? ಚಾ ಕೊಟ್ಟೆನೇನ?’ ಅವ್ವನಿಗೆ ಖರೇನೇ ಆಶ್ಚರ್ಯವಾಗಿತ್ತು. ‘ದೇವರ ಪ್ರಸಾದಕ್ಕ ಊಟ ಅಂತಾರೇನ, ಹುಚ್ಚಿ?’

ನನಗೆ ಅಳಬೇಕೋ ಗೋಡೆಗೆ ತಲೆ ಹೊಡೆದುಕೊಳ್ಳಬೇಕೋ ತಿಳಿಯಲಿಲ್ಲ. ಡಾಕ್ಟರು ಮಾತ್ರ ಸಿಟ್ಟಾಗಲಿಲ್ಲ.

‘ನಮ್ಮನ್ಯಾಗ ಉಪವಾಸ ಅಂದ್ರ ಉಪವಾಸ, ಹಿಂಗಾಗಿ ಮೊದಮೊದಲ ನನಗೂ ತಿಳೀತಿರಲಿಲ್ಲ’ ಎಂದರು. ‘ಮೂರು ನಾಲ್ಕು ಮಂದಿ ಹಿಂಗ ಮಾಡಿದ ಮ್ಯಾಲೆ ಈಗ ಪ್ರಸಾದದ್ದು ಬ್ಯಾರೆ ಕೇಳತೀನಿ. ನೋಡ್ರಿ ಕಾಕಾ, ನಿಮಗ ಔಷಧ ಕೊಟ್ಟು ಮಲಗಿಸಿದಾಗ ಹೊಟ್ಟ್ಯಾಗಿಂದು ಮ್ಯಾಲೆ ಬಂದು ಉಸಿರಿನ ನಳಿಗೆ ಹೋದ್ರ ಜೀವಕ್ಕ ಅಪಾಯ ಅದ. ಬಾಳೆಹಣ್ಣು ಯಾರ ಕೊಟ್ಟದ್ದು ಅಂತ ಹೊಟ್ಟಿಗೆ ಗೊತ್ತಾಗೂದಿಲ್ಲ.’

ಅವತ್ತಿನ ಆಪರೇಷನ್ ರದ್ದಾಯಿತು. ಮತ್ತೆ ತಾರೀಖು ಸಿಕ್ಕಿದ್ದು ಹತ್ತು ದಿನ ಬಿಟ್ಟು. ಅಷ್ಟರವರೆಗೆ ಗುಳಿಗೆ ತಪ್ಪಿಸಬೇಡಿ, ಭಾರ ಎತ್ತಬೇಡಿ, ಈ ತಾರೀಖು ಮಾತ್ರ ಬಿಡಬೇಡಿ ಎಂದು ಹೇಳಿ ಕಳಿಸಿದರು. ಅಪ್ಪ ಆಗಲೇ ಅಂಗಿ ತೊಟ್ಟು ಗುಂಡಿ ಹಾಕುತ್ತಿದ್ದ. ಅವನ ಮುಖ ಜಾತ್ರೆಗೆ ಹೊರಟವನ ಹಾಗೆ ಅರಳಿತ್ತು.

‘ಬೀರಪ್ಪ ಬ್ಯಾಡ ಅಂದ’ ಎಂದ. ‘ನಡೀರಿ ಊರಿಗೆ.’

ನನ್ನ ಮನೆಗೂ ಬರಲಿಲ್ಲ, ಸೀದಾ ಖಾನಾಪುರದ ಬಸ್ಸು ಹತ್ತಿದ. ಮರುದಿನ ಫೋನ್ ಮಾಡಿದರೆ ‘ಆರಾಮ ಅದೇನಿ’ ಎಂದ. ನಾಲ್ಕನೇ ದಿನ ‘ನಾ ಇನ್ನ ಬರೂದಿಲ್ಲ, ದೇವರ ಬ್ಯಾಡ ಅಂದ ಮ್ಯಾಲೆ ಮುಗೀತು’ ಎಂದು ಫೋನ್ ಇಟ್ಟ. ಅವ್ವನನ್ನು ಕೇಳಿದರೆ ರಾತ್ರಿ ಎದ್ದು ಕೂತು ಎದೆ ತಿಕ್ಕಿಕೊಳ್ಳುತ್ತಾನೆ ಎಂದು ಅತ್ತಳು. ಅಪ್ಪ ಸಾಯುತ್ತಾನೆ ಎಂಬ ಮಾತನ್ನು ಅವತ್ತು ಮೊದಲ ಸಲ ಮನಸ್ಸಿನಲ್ಲಿ ಅಂದುಕೊಂಡೆ. ಅವತ್ತು ಕ್ಲಾಸಿನಲ್ಲಿ ಏನು ಪಾಠ ಮಾಡಿದೆನೋ ನನಗೆ ನೆನಪಿಲ್ಲ.

ರವಿವಾರ ಮುಂಜಾನೆ ಖಾನಾಪುರಕ್ಕೆ ಹೋದೆ. ಅಪ್ಪ ಸ್ಟೇಷನ್ನಿನ ಆಚೆ ಹಳಿ ಕಾಣುವಲ್ಲಿ ಒಂದು ಬೇವಿನ ಮರದ ಕೆಳಗೆ ಕೂತಿದ್ದ. ಮನೆಯಿಂದ ಅಲ್ಲಿಗೆ ಇನ್ನೂರು ಹೆಜ್ಜೆ ಇಲ್ಲ. ಅಷ್ಟು ನಡೆಯಲು ಮೂರು ಕಡೆ ನಿಂತು ಬಂದಿದ್ದನಂತೆ. ನಾನು ಹೋಗಿ ಮುಂದೆ ನಿಂತೆ.

‘ಬ್ಯಾಡ ಅಂತ ಬೀರಪ್ಪ ಅಂದನೋ, ನೀ ಅಂದ್ಯೋ? ಖರೇ ಹೇಳಪ್ಪಾ.’

ಅಪ್ಪ ಹಳಿಯ ಕಡೆ ಮುಖ ತಿರುಗಿಸಿದ.

‘ನಾನ ಅಂದೆ.’

‘ಯಾಕ?’

‘ಅಂಜಿಕಿ ಬಂದೈತಿ ಮಾಲಾ.’

ನಮ್ಮಪ್ಪ ಆ ಮಾತು ಹೇಳಿದ್ದನ್ನು ನಾನು ಕೇಳಿದ್ದೇ ಮೊದಲು. ಬೈಯಲೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದದ್ದೆಲ್ಲ ಬಾಯಲ್ಲೇ ಉಳಿಯಿತು. ಅವನ ಬಾಜೂಕ ಕೂತೆ. ಎದೆ ಕೊಯ್ಯುವುದಕ್ಕೆ ಅಂಜುವವರು ಬಹಳ ಮಂದಿ, ಈಗೆಲ್ಲ ಅದು ದಿನಾ ಆಗುವ ಆಪರೇಷನ್ನು ಎಂದು ಸಮಾಧಾನ ಹೇಳತೊಡಗಿದೆ.

‘ಕೊಯ್ಯೂದಕ್ಕಲ್ಲ’ ಎಂದ. ‘ಸಾಯೂದಕ್ಕೂ ಅಲ್ಲ. ಅವತ್ತ ದೊಡ್ಡ ಡಾಕ್ಟರ ಏನ ಹೇಳಿದ್ರು? ಐದು ತಾಸ ಎಚ್ಚರ ಇರೂದಿಲ್ಲ, ಗುಂಡಿಗಿ ನಿಲ್ಲಿಸಿ ಕೆಲಸಾ ಮಾಡತೀವಿ, ಮಷೀನ ಮ್ಯಾಲೆ ಇಟ್ಟಿರತೀವಿ ಅಂದ್ರು. ಐದು ತಾಸ ನಾ ಬಾಯಿ ಮುಚ್ಚಿರಬೇಕು. ಗುಂಡಿಗೀನೂ ಸುಮ್ಮನಿರತೈತಿ. ಇವನೌನ, ಇಂವಾ ಹೋದ ಅಂತ ತಿಳಕೊಂಡು ಬೀರಪ್ಪ ಎದ್ದು ಹೋದ್ರ?’

ನನಗೆ ನಗು ಬರಬೇಕಿತ್ತು. ಬರಲಿಲ್ಲ.

‘ದಿನಾ ರಾತ್ರಿ ಮಲಗತಿಯಲ್ಲಪ್ಪಾ. ಆವಾಗ?’

‘ಆವಾಗ ಹೇಳಿ ಮಲಗತೀನಿ. ನನ್ನ ನಿದ್ದಿ, ಬೇಕಾದಾಗ ಏಳತೀನಿ. ಇದು ಮಂದಿ ಮಲಗಿಸೂದು, ಮಂದಿ ಎಬ್ಬಿಸೂದು. ಅಲ್ಲಿ ಒಳಗ ನಾ ಒಬ್ಬನ.’ ಎದೆಯ ಮೇಲೆ ಕೈ ಇಟ್ಟುಕೊಂಡ. ‘ಒಬ್ಬನ ಇದ್ದು ನನಗ ಗೊತ್ತ ಇಲ್ಲ ಮಾಲಾ.’

ಒಬ್ಬನೇ ಅಡವಿಯಲ್ಲಿ ಅಷ್ಟು ವರ್ಷ ನಡೆದವನ ಬಾಯಿಂದ ಬಂದ ಮಾತು ಇದು.

‘ಅವ್ವ ಮಾತಾಡತಾಳ ತಗೋ. ಹೊರಗ ಕುಂತು ಅಕಿ ಮಾತಾಡಿದ್ರ ಆಗೂದಿಲ್ಲೇನು?’

‘ನಿಮ್ಮವ್ವಗ ಬೇಡೂದೊಂದ ಗೊತ್ತು. ಆರಾಮ ಮಾಡು, ಅದ ಮಾಡು, ಇದ ಮಾಡು. ಅರ್ಧ ತಾಸಿನಾಗ ಅಂವಗ ಬ್ಯಾಸರ ಬರತೈತಿ.’ ಅಪ್ಪ ನನ್ನ ಕಡೆ ತಿರುಗಿದ. ‘ನೀ ಮಾತಾಡತಿಯೇನು? ನಿನಗ ಜಗಳಾ ಮಾಡಾಕ ಛಲೋ ಬರತೈತಿ. ಐದು ತಾಸ ಹಿಡಿದು ಕುಂದರಸಾಕ ನೀನ ಸೈ.’

‘ಆತು, ಮಾತಾಡತೀನಿ. ನೀ ಬರತಿಯಿಲ್ಲೋ?’

‘ಬರತೀನಿ.’

ನಾನು ಹೂಂ ಎಂದದ್ದು ಅಪ್ಪನನ್ನು ಆ ಟೇಬಲ್ಲಿನ ಮೇಲೆ ಮಲಗಿಸಬೇಕಿತ್ತು ಎಂದು, ಅಷ್ಟೆ. ಹಟ ಮಾಡುವ ಹುಡುಗರಿಗೆ ಹೂಂ ಅಂದುಬಿಡುತ್ತೇವಲ್ಲ, ಹಾಗೆ. ಗೋಡೆಯ ಮುಂದೆ ಕೂತು ಬೀರಪ್ಪನ ಜೊತೆ ಹರಟುವ ವಿಚಾರ ನನಗೆ ಕನಸಿನಲ್ಲೂ ಇರಲಿಲ್ಲ.

ಎರಡನೇ ಸಲ ಅವ್ವನನ್ನು ನನ್ನ ಮನೆಯಲ್ಲೇ ಬಿಟ್ಟು ರಾತ್ರಿ ನಾನೇ ಅಪ್ಪನ ಬಳಿ ಉಳಿದೆ. ಭಂಡಾರ ಹಣೆಗೆ ಮಾತ್ರ ಹಚ್ಚಿಸಿದೆ. ಬೆಳಿಗ್ಗೆ ಪ್ರಾಚಿ ಡಾಕ್ಟರು ಬಂದು ‘ಊಟ, ನೀರು, ಚಾ, ಪ್ರಸಾದ, ತೀರ್ಥ’ ಎಂದು ಒಂದೊಂದೇ ಹೆಸರು ಹಿಡಿದು ಕೇಳಿದರು. ಎಲ್ಲದಕ್ಕೂ ಇಲ್ಲ ಅನ್ನಿಸಿಕೊಂಡು, ಬಾಯಿ ತೆರೆಸಿ ನಾಲಿಗೆಯನ್ನೂ ನೋಡಿದರು.

‘ಬಾಯಾರ, ನೀವು ಔಷಧ ಕೊಟ್ಟು ಹೊರಗ ಹೋಗವರೇನ್ರಿ?’ ಎಂದು ಅಪ್ಪ ಕೇಳಿದ.

‘ಇಲ್ಲ ಕಾಕಾ. ಮುಗಿಯೂತನಕ ನಿಮ್ಮ ತಲಿ ಬಾಜೂಕನ ಇರತೀನಿ. ಅದ ನನ್ನ ಕೆಲಸ.’

‘ಛಲೋ ಆತು’ ಎಂದ.

ಅಷ್ಟೊತ್ತಿಗೆ ಸೋಮಲಿಂಗ ಅವ್ವನನ್ನು ಕರೆದುಕೊಂಡು ಬಂದಿದ್ದ. ಸ್ಟ್ರೆಚರ್ ತಳ್ಳಿಕೊಂಡು ಆಪರೇಷನ್ ಥಿಯೇಟರಿನ ಬಾಗಿಲವರೆಗೆ ಹೋದೆವು. ಅಲ್ಲಿಂದ ಮುಂದೆ ನಮ್ಮನ್ನು ಬಿಡುವುದಿಲ್ಲ. ಅಪ್ಪ ನನ್ನ ಕೈ ಹಿಡಿದ.

‘ಮಾತಾಡತೀನಿ ಅಂದೀ, ಹೌದಿಲ್ಲೋ?’

ಸುಳ್ಳು ಹೇಳಲು ಆಗಲಿಲ್ಲ. ‘ಏನಂತ ಮಾತಾಡಲಪ್ಪಾ? ನನಗ ಅಂವನ ಗುರ್ತ ಇಲ್ಲ.’

‘ಅಂವಗ ನಿನ್ನ ಗುರ್ತ ಐತಿ’ ಎಂದ ಅಪ್ಪ. ‘ದಿನಾ ಹಳಿ ಮ್ಯಾಲೆ ನಾ ಮತ್ತೇನ ಮಾತಾಡತಿದ್ದೆ? ನಿನ್ನ ಸುದ್ದೀನ. ನೀ ಹುಟ್ಟಿದ್ದು, ಗಣಿತದಾಗ ನಪಾಸ ಆಗಿದ್ದು, ನೌಕರಿ ಸಿಕ್ಕಿದ್ದು. ನಿನ್ನ ಕೂಸ ಹೋದಾಗಿಂದೂ ಹೇಳೀನಿ.’

ಬಾಗಿಲು ಮುಚ್ಚಿತು.

ಹೊರಗಿನ ಹಾಲಿನಲ್ಲಿ ಸಾಲಾಗಿ ಖುರ್ಚಿ ಹಾಕಿದ್ದರು. ಸೋಮಲಿಂಗ ಅವ್ವನನ್ನು ಕೆಳಗೆ ಕರೆದುಕೊಂಡು ಹೋದ, ಅವಳ ಅಳು ನಿಂತಿರಲಿಲ್ಲ. ನಾನು ಮೂಲೆಯ ಖುರ್ಚಿಯಲ್ಲಿ ಕೂತೆ. ಹುಡುಗರ ಉತ್ತರ ಪತ್ರಿಕೆ ತಂದಿದ್ದೆ, ತೆಗೆದು ಕೂತೆ. ಒಂದೇ ಪತ್ರಿಕೆಯನ್ನು ಮೂರು ಸಲ ಓದಿದೆ.

ನನ್ನ ಮೊದಲ ಕೂಸು ಹೆರಿಗೆಯಾದ ಮೂರನೇ ದಿನ ತೀರಿಕೊಂಡಿತು. ಹದಿನಾಲ್ಕು ವರ್ಷದ ಹಿಂದಿನ ಮಾತು. ಮರುದಿನ ಬೆಳಿಗ್ಗೆ ಅಪ್ಪ ಸುತ್ತಿಗೆ ಹೊತ್ತು ಡ್ಯೂಟಿಗೆ ಹೋಗಿದ್ದ. ರಜೆ ಹಾಕಲಿಲ್ಲ, ನನ್ನ ಬಳಿ ಕೂರಲಿಲ್ಲ. ಅದನ್ನು ನಾನು ಹದಿನಾಲ್ಕು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ, ಅಪ್ಪನಿಗೂ. ಅವತ್ತು ಅವನು ಎಲ್ಲಿಗೆ ಹೋಗಿದ್ದ, ಯಾಕೆ ಹೋಗಿದ್ದ ಎಂದು ಆ ಖುರ್ಚಿಯಲ್ಲಿ ಕೂತಾಗ ನನಗೆ ತಿಳಿಯಿತು.

ಒಂದು ತಾಸಾಗಿರಬೇಕು. ಥಿಯೇಟರಿನ ಬಾಗಿಲು ತೆರೆದು ಒಬ್ಬ ನರ್ಸು ಅವಸರದಿಂದ ಹೊರಗೆ ಬಂದು ಓಡಿದಳು. ಸ್ವಲ್ಪ ಹೊತ್ತಿಗೆ ರಕ್ತದ ಚೀಲ ಹಿಡಿದುಕೊಂಡು ತಿರುಗಿ ಬಂದು ಒಳಗೆ ಹೋದಳು. ಯಾರಿಗಾಗಿ, ಏಕೆ, ಏನೂ ಹೇಳಲಿಲ್ಲ. ನನ್ನ ಎದೆ ಎಷ್ಟು ಬಡಿದುಕೊಳ್ಳತೊಡಗಿತೆಂದರೆ ಕಿವಿಯಲ್ಲಿ ಅದೊಂದೇ ಸಪ್ಪಳ. ಒಳಗೆ ಅಪ್ಪನ ಗುಂಡಿಗೆ ನಿಲ್ಲಿಸಿರಬೇಕು ಈಗ ಎಂದು ಅನ್ನಿಸಿತು. ಪತ್ರಿಕೆಗಳು ತೊಡೆಯ ಮೇಲಿಂದ ಜಾರಿ ನೆಲಕ್ಕೆ ಬಿದ್ದವು. ಎತ್ತಲಿಲ್ಲ.

‘ಎಲ್ಲಿ ಅದಿ?’ ಎಂದೆ. ದನಿ ನನಗೇ ಒರಟಾಗಿ ಕೇಳಿಸಿತು. ‘ಎದ್ದು ಹೋಗೀದಿ ಅಂದ್ರ ನೋಡು ಮತ್ತ. ಅಂವಾ ಹೋಗಿಲ್ಲ. ಗುಂಡಿಗಿ ನಿಲ್ಲಿಸ್ಯಾರ ಅಷ್ಟ, ಮತ್ತ ಹಚ್ಚತಾರ. ಬರೂತನಕ ಅಲ್ಲೇ ಕುಂದರು. ಒಳಗೂ ಇರು, ಇಲ್ಲೂ ಇರು, ನಿನಗೇನ ಅದು ಹೆಚ್ಚಿಂದಲ್ಲ.’

ಎದುರಿನ ಸಾಲಿನಲ್ಲಿದ್ದ ಮುದುಕಿ ನನ್ನ ಕಡೆ ನೋಡಿದಳು. ಫೋನಿನಲ್ಲಿ ಮಾತಾಡುತ್ತಿದ್ದೇನೆ ಎಂದು ತಿಳಿದಿರಬೇಕು. ಅದು ಒಳ್ಳೆಯದೇ ಆಯಿತು.

ಸಾಲಿಯಲ್ಲಿ ನನಗೆ ಇಷ್ಟು ಸಲೀಸಾಗಿ ಮಾತು ಬಂದದ್ದಿಲ್ಲ. ಬೈದೆ ಮೊದಲು. ನೀನೂ ಕುರಿ ಕಾಯುವವರ ದೇವರು, ಒಂದು ಕುರಿ ಕಾಯಲು ಆಗುವುದಿಲ್ಲವೇ ಎಂದೆ. ಆಮೇಲೆ ಬೈಗುಳ ಮುಗಿಯಿತು. ಕೂಸಿನ ಮಾತು ತೆಗೆದೆ. ನಿನಗೆ ಗೊತ್ತಿದೆಯಂತಲ್ಲ, ಮತ್ತೆ ಯಾಕೆ ಹೇಳಲಿ ಎನ್ನುತ್ತಲೇ ಪೂರಾ ಹೇಳಿದೆ, ಅದರ ಕಿವಿ ಹೇಗಿತ್ತು ಎನ್ನುವುದನ್ನೂ. ಗಂಡನಿಗೂ ಹೇಳದ ಮಾತು ಅವು. ‘ನನಗ ಅಂಜಿಕಿ ಬಂದೈತಿ’ ಎಂದೆ ಕೊನೆಗೆ. ‘ಭಾಳ ಅಂಜಿಕಿ ಬಂದೈತಿ. ನಮ್ಮಪ್ಪ ಸತ್ರ ನನ್ನ ಸುದ್ದಿ ಯಾರ ಹೇಳತಾರ?’ ಅಳು ಬಂತು, ಅತ್ತೆ. ಅಂಥ ಜಾಗದಲ್ಲಿ ಅಳುವವರು ಹೊಸಬರಲ್ಲ.

ಅತ್ತ ಮೇಲೂ ಮಾತು ನಿಲ್ಲಲಿಲ್ಲ. ಇದು ಪವಾಡ, ಬೆಳಕು ಕಂಡಿತು, ಗಂಟೆ ಕೇಳಿತು ಎಂದು ನಾನು ಹೇಳುವವಳಲ್ಲ. ಬಾಜೂ ಖುರ್ಚಿ ಖಾಲಿಯೇ ಇತ್ತು. ಆದರೆ ನೆಲಕ್ಕೆ ಬಿದ್ದ ಪತ್ರಿಕೆಗಳನ್ನು ಎತ್ತಿ ಜೋಡಿಸುವಷ್ಟು ಅಂಜಿಕೆ ಇಳಿದಿತ್ತು. ಯಾರೋ ಒಬ್ಬರು ಚೀಲ ಹಿಡಿದುಕೊಂಡು ಬಂದು ಆ ಖುರ್ಚಿಯಲ್ಲಿ ಕೂರಲು ಹೋದರು. ‘ಇಲ್ಲಿ ಮಂದಿ ಅದಾರ್ರಿ’ ಎಂದೆ. ಅವರು ಆಚೆ ಹೋಗಿ ಕೂತರು. ಏನು ಅಂದೆ ಎಂಬುದು ನನಗೆ ಆಮೇಲೆ ಹೊಳೆಯಿತು.

ಮಧ್ಯಾಹ್ನ ಎರಡರ ಸುಮಾರಿಗೆ ಪ್ರಾಚಿ ಡಾಕ್ಟರು ಹೊರಗೆ ಬಂದರು. ಕಣ್ಣು ಕೆಂಪಾಗಿದ್ದವು. ‘ಛಲೋ ಆಗೇದರಿ. ಗುಂಡಿಗಿ ತಾನ ಬಡಕೊಳ್ಳಾಕ ಹತ್ತೇದ. ನಾಳಿ ಮಾತಾಡಸಾಕ ಬಿಡತೀವಿ’ ಎಂದರು. ನಾನು ಅವರ ಎರಡೂ ಕೈ ಹಿಡಿದುಕೊಂಡೆ.

ಮರುದಿನ ಐಸಿಯುಗೆ ಒಬ್ಬರನ್ನೇ ಬಿಟ್ಟರು. ಅವ್ವ ‘ನೀನ ಹೋಗು, ನಾ ನೋಡಿದ್ರ ಅಳತೀನಿ’ ಎಂದಳು. ಅಪ್ಪನ ಬಾಯಿಯ ನಳಿಗೆ ಬೆಳಿಗ್ಗೆ ತೆಗೆದಿದ್ದರು. ತುಟಿ ಒಡೆದಿದ್ದವು, ಎದೆಗೆಲ್ಲ ಪಟ್ಟಿ, ಸುತ್ತ ವಯರು. ಮೈ ಅರ್ಧ ಆದಂತೆ ಕಂಡ. ನನ್ನನ್ನು ನೋಡಿ ಹತ್ತಿರ ಬಾ ಎಂದು ಬೆರಳು ಆಡಿಸಿದ. ಬಗ್ಗಿ ಕಿವಿ ಕೊಟ್ಟೆ.

‘ಮಾತಾಡಿದ್ಯೇನು?’

‘ಹೂಂ. ಮೊದಲನೇ ತಾಸ ಬಿಟ್ಟು, ಮುಗಿಯೂತನಕ.’

‘ಏನಂದ ಅಂವಾ?’

ಏನಾದರೂ ಛಲೋ ಮಾತು ಹುಟ್ಟಿಸಿ ಹೇಳಬಹುದಿತ್ತು. ಅವತ್ತು ಮಾತ್ರ ಅಪ್ಪನ ಮುಂದೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

‘ಏನೂ ಅನಲಿಲ್ಲಪ್ಪಾ. ಕುಂತಿದ್ದ.’

ಅಪ್ಪ ಕಣ್ಣು ಮುಚ್ಚಿದ. ಮಲಗಿದನೇನೋ ಎಂದುಕೊಂಡೆ. ಆಮೇಲೆ ಒಡೆದ ತುಟಿಯಲ್ಲೇ ನಿಧಾನವಾಗಿ ಹೇಳಿದ.

‘ನನಗೂ ಇಷ್ಟ ವರ್ಷದಾಗ ಏನೂ ಅಂದಿಲ್ಲ ನೋಡು. ಕುಂದರತಾನ ಅಷ್ಟ.’